ಎಡದಿಂದ ಬಲಕ್ಕೆ

"ಇದರಲ್ಲಿ ಇರೋದು ನೀವೇ ತಾನೇ?" ಪ್ರಿನ್ಸಿಪಾಲರು ಫೋಟೋವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು.

ಶಾಲೆಯ ಕ್ಯಾಮೆರಾ, ಲೆನ್ಸುಗಳನ್ನು ಕಾಯುವ ಸ್ಟೋರಿನವರು ಕನ್ನಡಕ ಒರೆಸಿಕೊಂಡು ನೋಡಿದರು. "ನಾನೇ ಸಾರ್. ಚೆನ್ನಾಗಿ ಬಂದಿದೆ."

ಚೆನ್ನಾಗಿ ಬಂದದ್ದೇ ತಾಪತ್ರಯವಾಗಿತ್ತು. 'ಚಲನೆ' ಎಂಬ ವಿಷಯಕ್ಕೆ ತರಗತಿಯಲ್ಲಿ ಮೊದಲ ಸ್ಥಾನ ಪಡೆದು, ಫೋಟೋಗ್ರಫಿ ಶಾಲೆಯ ನೋಟಿಸ್ ಬೋರ್ಡಿನ ನಟ್ಟನಡುವೆ ಕೂತಿದ್ದ ಚಿತ್ರ ಅದು. ತೆಗೆದವಳು ದರ್ಜಿಯ ಮಗಳು. ಅವಳೂ ಈಗ ಅದೇ ಕೋಣೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

ಚಿತ್ರದಲ್ಲಿ ಸ್ಟೋರಿನವರು ಕಾರಿಡಾರಿನಲ್ಲಿ ಬಿರಬಿರನೆ ನಡೆಯುತ್ತಿದ್ದಾರೆ. ಅವರೊಬ್ಬರು ಮಾತ್ರ ಸ್ಪಷ್ಟ. ಹಿಂದಿನ ಗೋಡೆ, ಕಿಟಕಿ, ಬಾಗಿಲು ಎಲ್ಲ ಕಲಸಿಹೋಗಿ ಬರೀ ಗೆರೆಗಳಾಗಿವೆ. ನಡೆಯುವವರ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಹಾಗೆ ಬರುತ್ತದೆ. ಅದನ್ನು ಕಲಿಯಲು ಅವಳಿಗೆ ಎರಡು ತಿಂಗಳು ಹಿಡಿದಿತ್ತು. ಸ್ಟೋರಿನವರ ಬಲ ಎದೆಯ ಜೇಬಿನಲ್ಲಿ ಎರಡು ಪೆನ್ನು. ಕಂಕುಳಲ್ಲಿ ಬಟ್ಟೆಯ ಚೀಲ. ಚೀಲದೊಳಗೆ ಉದ್ದನೆಯ, ಗುಂಡನೆಯ ಏನೋ ಒಂದು.

ಅದೇ ದಿನ ಸ್ಟೋರಿನಿಂದ ಉದ್ದನೆಯ, ಗುಂಡನೆಯ ಲೆನ್ಸೊಂದು ಮಾಯವಾಗಿತ್ತು. ಬೆಳಿಗ್ಗೆ ಬೀರುವಿನಲ್ಲಿತ್ತು, ಸಂಜೆಗೆ ಇರಲಿಲ್ಲ. ಎರಡು ವಾರ ಎಲ್ಲರೂ ಮೂಲೆಮೂಲೆ ತಡಕಾಡಿದರು. ಇವತ್ತು ಬೆಳಿಗ್ಗೆ ಪ್ರಿನ್ಸಿಪಾಲರು ನೋಟಿಸ್ ಬೋರ್ಡಿನ ಮುಂದೆ ನಿಂತರು. ಚಿತ್ರದ ಕೆಳಗೆ ತೆಗೆದ ದಿನವೂ ಹೊತ್ತೂ ಬರೆದಿತ್ತು. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ.

"ಅದು ನನ್ನ ಊಟದ ಕ್ಯಾರಿಯರ್ ಸಾರ್," ಅಂದರು ಸ್ಟೋರಿನವರು. "ಮನೇಲಿ ಮರೆತು ಬಂದಿದ್ದೆ. ನಮ್ಮನೆಯವಳು ಗೇಟಿನ ಹತ್ರ ತಂದುಕೊಟ್ಟಳು. ಇಸ್ಕೊಂಡು ಸ್ಟೋರಿಗೆ ಬಂದೆ."

"ಬಂದಿರಾ?" ಪ್ರಿನ್ಸಿಪಾಲರು ಹುಡುಗಿಯ ಕಡೆ ತಿರುಗಿದರು. "ನೀನೆಲ್ಲಿ ಕೂತಿದ್ದೆಯಮ್ಮಾ?"

"ಎದುರುಗಡೆ ಕಟ್ಟೆ ಮೇಲೆ ಸಾರ್."

"ಅಲ್ಲಿಂದ ಸ್ಟೋರು ಯಾವ ಕಡೆ?"

"ಎಡಕ್ಕೆ."

"ಗೇಟು?"

ಅವಳ ದನಿ ಇಳಿಯಿತು. "ಬಲಕ್ಕೆ."

ಪ್ರಿನ್ಸಿಪಾಲರ ಬೆರಳು ಫೋಟೋದ ಮೇಲೆ ನಿಧಾನವಾಗಿ ಸರಿಯಿತು. ಎಡದಿಂದ ಬಲಕ್ಕೆ. ಸ್ಟೋರಿನಿಂದ ಗೇಟಿಗೆ.

"ಊಟದ ಹೊತ್ತಿಗೆ ಊಟಾನ ಗೇಟಿನ ಕಡೆ ಯಾರ್ರೀ ಹೊತ್ಕೊಂಡು ಹೋಗ್ತಾರೆ?"

ಸ್ಟೋರಿನವರು ಬಗ್ಗಿ ಇನ್ನೊಮ್ಮೆ ಫೋಟೋ ನೋಡಿದರು. ತಾನು ಬಂದದ್ದು ಹೌದೋ ಅಲ್ಲವೋ ಎಂದು ಅವರಿಗೇ ಅನುಮಾನ ಬಂದ ಹಾಗಿತ್ತು.

ಮೂಲೆಯಲ್ಲಿದ್ದ ಅವಳ ತರಗತಿಯ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಇದರ ಮೂಲ ಎಲ್ಲಿ?"

"ನನ್ನ ಹತ್ರ ತಿದ್ದಿದ್ದು ಮಾತ್ರ ಇದೆ ಸಾರ್," ಅಂದಳು ಹುಡುಗಿ. "ಮೂಲ ಕ್ಯಾಮೆರಾದ ಕಾರ್ಡಿನಲ್ಲೇ ಇತ್ತು."

"ಕಾರ್ಡು ನಾನೇ ಅಳಿಸಿದೆ ಸಾರ್," ಅಂದರು ಸ್ಟೋರಿನವರು. "ವಾಪಸು ಬಂದ ದಿನವೇ ಅಳಿಸಬೇಕು. ರೂಲ್ಸು."

ಪ್ರಿನ್ಸಿಪಾಲರು ಹುಬ್ಬೇರಿಸಿದರು. "ತಿದ್ದಿದ್ದು ಅಂದರೆ?"

"ಮೇಷ್ಟ್ರು ಹೇಳಿಕೊಟ್ಟಷ್ಟೇ. ಏನೂ ಸೇರಿಸಿಲ್ಲ, ಏನೂ ತೆಗೆದಿಲ್ಲ."

ಅದು ಸತ್ಯವೇ. ಮೇಷ್ಟ್ರು ಹೇಳಿಕೊಟ್ಟದ್ದು ಬೇಕಾದಷ್ಟಿತ್ತು. ಓರೆಯಾದ ನೆಲ ನೆಟ್ಟಗಾಗಬೇಕು. ಕಪ್ಪಾದ ಮುಖಕ್ಕೆ ಬೆಳಕು ಬರಬೇಕು. ಅಂಚಿನಲ್ಲಿ ಯಾರದೋ ಅರ್ಧ ಕಾಲು ಇದ್ದರೆ ಕತ್ತರಿಸಬೇಕು. ಓದುವ ಕಣ್ಣು ಹೋಗುವ ದಿಕ್ಕಿಗೇ ಮನುಷ್ಯ ನಡೆಯಬೇಕು. "ನಡೆಯದಿದ್ದರೆ ನಡೆಸಿ," ಅನ್ನುತ್ತಿದ್ದರು ಮೇಷ್ಟ್ರು, ಹುಡುಗರು ನಗುತ್ತಿದ್ದರು. ಐದು ತಿಂಗಳಲ್ಲಿ ಅವೆಲ್ಲ ಅವಳ ಕೈಗೆ ಅಂಟಿಹೋಗಿದ್ದವು. ತಲೆಯನ್ನು ಕೇಳದೆಯೇ ಬೆರಳು ಕೆಲಸ ಮುಗಿಸುತ್ತಿತ್ತು. ಇನ್ನು ಆ ದಿನ ನಾಲ್ಕು ಗಂಟೆ ಕೂತು, ಹೋಗುವವರು ಬರುವವರನ್ನೆಲ್ಲ ಮುನ್ನೂರು ಸಲ ತೆಗೆದಿದ್ದಳು. ಯಾರು ಹೋದರು, ಯಾರು ಬಂದರು, ದೇವರಿಗೇ ಗೊತ್ತು.

ನಾಳೆ ಹತ್ತು ಗಂಟೆಗೆ ಪೊಲೀಸರಿಗೆ ದೂರು, ಜೊತೆಗೆ ಕೆಲಸದಿಂದ ವಜಾ. ಪ್ರಿನ್ಸಿಪಾಲರು ಇಷ್ಟು ಹೇಳಿ ಫೋಟೋವನ್ನು ಅವಳ ಕೈಗಿಟ್ಟರು. "ನಾಳೆ ತಗೊಂಡು ಬಾ. ಅವರಿಗೆ ತೋರಿಸಬೇಕು."

ಹೊರಗೆ ಸ್ಟೋರಿನವರು ಅವಳಿಗಾಗಿ ಕಾದಿದ್ದರು. ಹದಿನೆಂಟು ವರ್ಷ ಬೀರುವಿನ ಬೀಗದ ಕೈ ಅವರ ಸೊಂಟದಲ್ಲಿತ್ತು. ಹೊತ್ತು ಮೀರಿದರೂ ಅವಳಿಗೆ ಕ್ಯಾಮೆರಾ ಬಿಟ್ಟುಕೊಡುತ್ತಿದ್ದವರು ಅವರೊಬ್ಬರೇ.

"ನಿನ್ನ ತಪ್ಪೇನಿಲ್ಲ ಬಿಡಮ್ಮ. ಎದುರಿಗೆ ಕಂಡದ್ದನ್ನ ತೆಗೆದೆ."

"ಅಣ್ಣಾ, ನಿಜ ಹೇಳಿ. ನೀವು ತಗೊಂಡಿಲ್ಲ ಅಲ್ವಾ?"

ಅವರು ತಿರುಗಿ ಗೇಟಿನ ಕಡೆ ನಡೆದರು. ಆ ಪ್ರಶ್ನೆ ಕೇಳಿದ್ದಕ್ಕೆ ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಸಂಜೆ ಅಂಗಡಿಯಲ್ಲಿ ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಅವಳು ಕತ್ತರಿಸುವ ಮೇಜಿನ ಮೇಲೆ ಫೋಟೋ ಇಟ್ಟು, ನಡೆದದ್ದನ್ನೆಲ್ಲ ಅಳುತ್ತಲೇ ಹೇಳಿದಳು. ಅಪ್ಪ ಕೊನೆಯವರೆಗೂ ಕೇಳಿದರು. ಆಮೇಲೆ ಫೋಟೋ ಎತ್ತಿಕೊಂಡು ದೀಪದ ಕೆಳಗೆ ಹಿಡಿದರು. ಹಿಡಿದವರು ಕೆಳಗಿಳಿಸಲೇ ಇಲ್ಲ.

"ಇವರು ಕಳ್ಳರ ಥರ ಕಾಣ್ತಾರಾ ಅಪ್ಪಾ?"

"ಅದು ನಂಗೊತ್ತಿಲ್ಲ. ನನ್ನ ಮಾನ ಯಾಕೆ ತೆಗೆದೆ, ಅದನ್ನ ಹೇಳು."

"ನಾನೇನು ಮಾಡಿದೆ?"

"ಈ ಅಂಗಿ ನಾನೇ ಹೊಲಿದುಕೊಟ್ಟಿದ್ದು ಪುಟ್ಟಿ," ಅಂದರು ಅಪ್ಪ, ನಿಜಕ್ಕೂ ನೊಂದುಕೊಂಡು. "ಮೂವತ್ತು ವರ್ಷದಲ್ಲಿ ಯಾವತ್ತಾದ್ರೂ, ಯಾರಿಗಾದ್ರೂ, ನಾನು ಬಲಗಡೆ ಜೇಬು ಹಚ್ಚಿದ್ದೀನಾ?"

ಅವಳು ಅಪ್ಪನ ಕೈಯಿಂದ ಫೋಟೋ ಕಿತ್ತುಕೊಂಡು, ಗಿರಾಕಿಗಳು ಅಂಗಿ ತೊಟ್ಟು ನೋಡುವ ನಿಲುವುಗನ್ನಡಿಗೆ ಹಿಡಿದಳು.

ಕನ್ನಡಿಯಲ್ಲಿ ಸ್ಟೋರಿನವರು ಗೇಟಿನಿಂದ ಒಳಗೆ ಬರುತ್ತಿದ್ದರು, ಕಂಕುಳಲ್ಲಿ ಊಟ ಹಿಡಿದುಕೊಂಡು.