ನಮ್ಮ ಕನ್ಸೋಲಿಗೆ ಬರುವತನಕ

ಇದು ದ್ರೋಹವೇ? ವರ್ಷಗಟ್ಟಲೆ ಕಾದ ವಿಡಿಯೊ ಗೇಮಿನ ಎರಡನೇ ಭಾಗ ತನ್ನಲ್ಲಿರುವ ಆಟದ ಯಂತ್ರ ಬಿಟ್ಟು ಬೇರೆ ಕಂಪನಿಯ ಕನ್ಸೋಲಿಗೆ ಮಾತ್ರ ಬಂದರೆ ಮಹಾಂತೇಶನಾದರೂ ಏನು ಮಾಡಬೇಕು?

"ಲೇ ಮಾಂತ್ಯಾ, ನಮ್ಮ ಕನ್ಸೋಲಿಗೆ ಬರೂತನಕಾ ಇಬ್ರೂ ಆಡೂದ ಬ್ಯಾಡ. ಆಣಿ ಮಾಡು," ಎಂದಿದ್ದ ಗೆಳೆಯ ವಿಠ್ಠಲ. ಮಹಾಂತೇಶ ಆಣೆ ಮಾಡಿದ್ದ.

ಈಗ ಆ ಬೇರೆ ಕನ್ಸೋಲನ್ನೇ ಗುಟ್ಟಾಗಿ ಕೊಂಡು, ಸುಳ್ಳು ಹೆಸರಿನಲ್ಲಿ ಆನ್‌ಲೈನ್ ತಂಡವೊಂದನ್ನು ಸೇರಿದ್ದ. ಖುಷಿಯೇನೂ ಆಗಲಿಲ್ಲ. ಹೆಡ್‌ಫೋನಿನಲ್ಲಿ ತಂಡದವರ ಮಾತು ಕೇಳುತ್ತಿತ್ತು.

"ಭಾರಿ ಆಡ್ತೀಯಲ್ಲೋ! ಯಾವಾಗ ತಗೊಂಡಿ?" ಎಂದು ಯಾರೋ ತಂಡದ ಇನ್ನೊಬ್ಬನನ್ನು ಕೇಳಿದರು.

"ಬಂದ ದಿನಾನ." ಅದು ವಿಠ್ಠಲನ ದನಿ. "ಯಾರಿಗೂ ಹೇಳಬ್ಯಾಡ್ರಪಾ. ನನ್ನ ದೋಸ್ತ ಒಬ್ಬಾವ ಇನ್ನೂ ಕಾಯಾಕತ್ತಾನ, ಪಾಪ."

ಮಹಾಂತೇಶನ ಬೆರಳು ಮೈಕಿನ ಗುಂಡಿಯ ಮೇಲಿತ್ತು. "ನಾನೂ ಇಲ್ಲೇ ಅದೀನಲೇ" ಎನ್ನಲು ಹೊರಟವನು ಮೈಕ್ ಆರಿಸಿ ಆಟ ಮುಂದುವರಿಸಿದ.