ಕಿತ್ತುಹಾಕಿದ ಸಾಲು

ದಂಡೆ ಮೇಲೆ ಲ್ಯಾಪ್‌ಟಾಪಿನ ಎಂಟರ್ ಕೀ ಮೇಲೆ ಬೆರಳಿಟ್ಟ ಪ್ರಿಯಾಂಕ ಹಾಗೇ ನಿಂತಳು. ಜೊತೆ ಕೆಲಸದ ತೇಜು ಕೊತ್ತತ್ತಿ ನಾಲೆಯ ಕಬ್ಬಿಣದ ಗೇಟಿನಡಿ ಎರಡೂ ಕೈ ತೂರಿಸಿ, ಸಿಕ್ಕಿಕೊಂಡ ಜೊಂಡು ಎಳೆಯುತ್ತಿದ್ದ.

"ಬಿರ್ನೆ ಮೇಲಕ್ಕೆತ್ತಕ್ಕ! ನಾನು ಬರ್ದಿರೋ ಪ್ರೋಗ್ರಾಮು ಕಣಕ್ಕ, ತಪ್ಪಾಗಕಿಲ್ಲ."

ಅವನ ಪ್ರೋಗ್ರಾಮು ಕೇಳಿದ್ದನ್ನು ಗೇಟಿನ ಮೋಟಾರಿಗೆ ಮುಟ್ಟಿಸುವುದು ಅವಳು ಬರೆದ ಕರ್ನಲ್, ಯಂತ್ರದ ಒಳತಿರುಳಿನ ತಂತ್ರಾಂಶ. ಪ್ರೋಗ್ರಾಮಿನಿಂದ ಬಂದ ಪ್ರತಿ ಕರೆಯನ್ನೂ ಸರಿಯಿದೆಯೇ ಎಂದು ತಡೆದು ವಿಚಾರಿಸುತ್ತಿದ್ದ ಕೋಡಿನ ಸಾಲನ್ನು, ವೇಗ ಕುಂಟುತ್ತದೆಂದು ಬೆಳಿಗ್ಗೆಯಷ್ಟೇ ಕಿತ್ತುಹಾಕಿದ್ದಳು. ಈಗ ಅದನ್ನು ಮತ್ತೆ ಸೇರಿಸಿ, ಯಂತ್ರವನ್ನು ಹೊಸದಾಗಿ ಎಬ್ಬಿಸಿ, ಎಂಟರ್ ಒತ್ತಿದಳು.

ಗೇಟು ಅಲುಗಲಿಲ್ಲ. ಪರದೆ ಮೇಲೆ ಕೆಂಪಕ್ಷರ ಮೂಡಿತು: ಎತ್ತರ ಮೈನಸ್ ನಾಲ್ಕಡಿ, ಕರೆ ತಿರಸ್ಕೃತ. ಎತ್ತು ಅನ್ನುವ ಕಡೆ ಅವನ ಪ್ರೋಗ್ರಾಮು ಇಳಿಸು ಅಂದಿತ್ತು.

"ನಿನ್ನ ಕರ್ನಲ್ಲು ಬಲೇ ನಿಧಾನ ಬುಡಕ್ಕ," ಎನ್ನುತ್ತ ತೇಜು ಕೈಯನ್ನು ಇನ್ನಷ್ಟು ಒಳಕ್ಕೆ ತೂರಿಸಿದ.