ಖಾಲಿ ಬಟ್ಟಲು

ಅಡುಗೆಮನೆಯ ಕೈಗಡವೂ ಕ್ರೆಡಿಟ್ ವರದಿಗೆ ಸೇರಿ ವರ್ಷಗಳಾಗಿದ್ದವು. ತುಳಸಮ್ಮನವರ ಸ್ಕೋರ್ ಐನೂರ ಹನ್ನೆರಡು. ಮಂಡಿ ಆಪರೇಷನ್ನಿಗೆ ಆರುನೂರಾದರೂ ಬೇಕು.

"ಪಕ್ಕದ್ಮನೆ ಜುಲೇಖಾಬಿ ಹತ್ರ ಈಸ್ಕೊಂಡ ಒಂದು ಬಟ್ಟಲು ಸಕ್ಕರೆ, ಹನ್ನೊಂದು ವರ್ಷದಿಂದ ಬಾಕಿ ಇದೆಯಲ್ಲಮ್ಮಾ," ಎಂದಳು ಆಸ್ಪತ್ರೆಯ ಸಾಲದ ಕೌಂಟರಿನ ಹುಡುಗಿ.

"ಮಾರನೇ ದಿನವೇ ತುಂಬಿಸಿ ಕೊಟ್ಟೆ ಕಣಮ್ಮ. ಹಬ್ಬಕ್ಕೆ ಅವರು ಅದೇ ಬಟ್ಟಲಲ್ಲಿ ಶೀರ್‌ಖುರ್ಮಾ ಕಳಿಸಿದ್ರು. ಖಾಲಿ ವಾಪಸ್ ಕೊಡಕ್ಕಾಗತ್ತಾ? ಒಬ್ಬಟ್ಟು ಇಟ್ಟು ಕೊಟ್ಟೆ. ಹಾಗೇ ನಡೀತಾ ಇದೆ. ಈಗ ಬಟ್ಟಲು ಯಾರದು ಅಂತಾನೂ ನೆನಪಿಲ್ಲ."

"ತುಂಬಿಸಿ ಕೊಟ್ಟಾಗಲೆಲ್ಲ ಹೊಸ ಸಾಲ ಶುರು ಆಗತ್ತೆ, ಇಬ್ಬರ ವರದಿಲೂ. ಒಂದ್ಸಲ ಖಾಲಿ ಕೊಟ್ಬಿಡಿ, ಮುಗಿಯತ್ತೆ."

ಎರಡು ಬಸ್ಸು ಬದಲಿಸಿ, ಕುಂಟುತ್ತ ಮನೆಗೆ ಬಂದ ತುಳಸಮ್ಮ ಬಟ್ಟಲು ತೊಳೆದು ಒರೆಸಿ, ಪಕ್ಕದ ಮನೆಯ ಬಾಗಿಲು ತಟ್ಟಿದರು.

ಜುಲೇಖಾಬಿಯ ಕಣ್ಣಿಗೆ ಎರಡು ವರ್ಷದಿಂದ ಪೊರೆ. ಬಟ್ಟಲು ತೆಗೆದುಕೊಂಡು, ಒಳಗೆ ಬೆರಳಾಡಿಸಿದರು.

"ನಿಮಗೂ ಹೇಳಿದ್ರಾ ತುಳಸಮ್ಮಾ? ಕಣ್ಣಿನ ಆಪರೇಷನ್‌ಗೆ ಹೋದಾಗ ನಂಗೂ ಖಾಲಿ ಕೊಡಿ ಅಂದಿದ್ರು. ಯಾಕೋ ಮನಸ್ಸು ಬರ್ಲಿಲ್ಲ."

ತುಳಸಮ್ಮ ಬಟ್ಟಲನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು.

"ತಾಳಿ, ಬಂದೆ. ಅವರೆಕಾಳು ಉಪ್ಪಿಟ್ಟು ಮಾಡಿದೀನಿ, ಹಾಕೋದೇ ಮರೆತೆ," ಎಂದು ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದರು.